ಅಂಗಳದ ಪಂಕ್ತಿ

ಮೈಸೂರು ಸೀಮೆಯ ಒಂದು ಗ್ರಾಮದ ಅಂಗನವಾಡಿಯಲ್ಲಿ ಮಕ್ಕಳ ನಡುವೆ ಒಂದು ದಿನವನ್ನು ಕಳೆಯುವ ಸುಯೋಗವು ನನಗೊಮ್ಮೆ ಒದಗಿತ್ತು. ಜಗಲಿಯಲ್ಲಿ ಹಾಸಿದ್ದ ಚಾಪೆಯ ಮೇಲೆ ನಾಲ್ಕು ವರ್ಷದ ಬಾಲಿಕೆಯೊಬ್ಬಳು ಕುಕ್ಕುರುಗಾಲಿನಲ್ಲಿ ಕುಳಿತು, ಟೀಚರಮ್ಮ ಮೊರದಲ್ಲಿ ಸುರಿದುಕೊಟ್ಟಿದ್ದ ಹುಣಿಸೆಬೀಜ, ಹಲಸಿನ ಬೀಜ, ಸೀತಾಫಲದ ಬೀಜ, ಅವರೆಕಾಳು ಇವುಗಳನ್ನು ವಿಂಗಡಿಸುತ್ತಿದ್ದಳು. ಮೊದಲಿಗೆ ಅವಳು ಕಪ್ಪಾಗಿದ್ದವನ್ನೆಲ್ಲ ಒಂದು ಕಡೆಗೂ ಬೆಳ್ಳಗಿದ್ದವನ್ನೆಲ್ಲ ಇನ್ನೊಂದು ಕಡೆಗೂ ಇಟ್ಟಳು. ಟೀಚರಮ್ಮ ಅವನ್ನು ಪುನಃ ಬೆರೆಸಿ, “ಈಗ ಬೇರೆ ಥರ ಮಾಡು, ನೋಡೋಣ” ಎಂದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, ತರುವಾಯ ಹಲಸಿನ ಬೀಜವನ್ನೂ ಹುಣಿಸೆಬೀಜವನ್ನೂ ಒಂದುಗೂಡಿಸಿ, ಉಳಿದವನ್ನು ಅತ್ತ ಸರಿಸಿ, “ಇವು ಸುಟ್ಕೊಂಡು ತಿನ್ನೋವು” ಎಂದಳು. ಬಣ್ಣದ ವಿಂಗಡಣೆಯು ಯಾರ ಕಣ್ಣಿಗಾದರೂ ತೋಚುವಂಥದು. ಈ ಎರಡನೆಯದು ಅವಳ ಮನೆಯ ಒಲೆಯ ಮುಂದೆ ಅವಳು ಕುಳಿತು ಕಂಡುಕೊಂಡದ್ದು.

ಮಧ್ಯಾಹ್ನದ ಊಟದ ವೇಳೆಗೆ ಅದೇ ಅಂಗಳದಲ್ಲಿ ಮತ್ತೊಂದು ಬಗೆಯ ವಿಂಗಡಣೆ ನಡೆಯಿತು. ಕೈತೊಳೆದು ಬಂದ ಮಕ್ಕಳು ಗೋಡೆಯ ಉದ್ದಕ್ಕೂ ಪಂಕ್ತಿಯಾಗಿ ಕುಳಿತಿದ್ದರು. ಐದು ವರ್ಷ ತುಂಬದ ಹುಡುಗನೊಬ್ಬನು ತನ್ನ ಪಕ್ಕಕ್ಕೆ ಬಂದು ಕುಳಿತ ಮಗುವಿನ ಮುಖವನ್ನೊಮ್ಮೆ ನೋಡಿ, ತಟ್ಟೆಯನ್ನೆತ್ತಿಕೊಂಡು, ಅನ್ನ ಚೆಲ್ಲದಂತೆ ಜೋಪಾನವಾಗಿ ನಡೆದು, ಪಂಕ್ತಿಯ ಇನ್ನೊಂದು ಕೊನೆಗೆ ಹೋಗಿ ಕುಳಿತನು. ಏತಕ್ಕೆ ಎದ್ದೆಯೆಂದು ಕೇಳಿದುದಕ್ಕೆ “ನಮ್ಮಜ್ಜಿ ಹೇಳವ್ಳೆ” ಎಂಬಷ್ಟೇ ಉತ್ತರ. ಅವನ ಧ್ವನಿಯಲ್ಲಿ ದ್ವೇಷದ ಲೇಶವೂ ಇರಲಿಲ್ಲ; ಊಟಕ್ಕೆ ಮುಂಚೆ ಕೈ ತೊಳೆಯಬೇಕೆಂಬುದನ್ನು ಕಲಿತಂತೆಯೇ ಇದನ್ನೂ ಅವನು ಕಲಿತಿದ್ದನು. ಬರಿದಾದ ಆ ಜಾಗವನ್ನು ನೋಡುತ್ತ, ಪಕ್ಕಕ್ಕೆ ಬಂದು ಕುಳಿತಿದ್ದ ಆ ಮಗುವು ಕಲಸಿದ ತುತ್ತನ್ನು ಬಾಯಿಗಿಡದೆ ಕೈಯಲ್ಲಿಯೇ ಹಿಡಿದುಕೊಂಡಿದ್ದಿತು.

ಪಂಕ್ತಿಭೇದವೆಂಬ ಮಾತನ್ನು ನಾವು ದೊಡ್ಡವರ ಔತಣಗಳಿಗೂ ಮಠಮಂದಿರಗಳ ಭೋಜನಶಾಲೆಗಳಿಗೂ ಸಂಬಂಧಿಸಿದ್ದೆಂದು ಭಾವಿಸುವುದು ವಾಡಿಕೆ. ಆದರೆ ಅದರ ಅಂಕುರವು ಅಕ್ಷರಾಭ್ಯಾಸಕ್ಕೂ ಮುಂಚೆ, ಇನ್ನೂ ನೆಟ್ಟಗೆ ಗುಂಡಿ ಹಾಕಿಕೊಳ್ಳಲಾರದ ವಯಸ್ಸಿನಲ್ಲಿ ಒಡೆಯುವುದನ್ನು ಅಂದು ನಾನು ಕಣ್ಣಾರೆ ಕಂಡೆನು. ಅಲ್ಲದೆ, ಮೊರದ ಬೀಜಗಳನ್ನು ವಿಂಗಡಿಸಿದ ಬುದ್ಧಿಶಕ್ತಿಯೂ ತಟ್ಟೆಯೆತ್ತಿಕೊಂಡು ಹೋದ ಬುದ್ಧಿಶಕ್ತಿಯೂ ಮೂಲತಃ ಒಂದೇ ಎಂಬುದು, ಈ ವಿಷಯವನ್ನು ಕುರಿತ ಕಳೆದ ಹಲವು ದಶಕಗಳ ಮನೋವಿಜ್ಞಾನವನ್ನು ಓದುತ್ತ ಹೋದಂತೆ ನನಗೆ ಹೆಚ್ಚು ಹೆಚ್ಚು ಸ್ಪಷ್ಟವಾಯಿತು. ಭೇದವನ್ನು ಕಾಣುವುದು ಮಗುವಿನ ಸ್ವಭಾವ. ಯಾವ ಭೇದಕ್ಕೆ ಬೆಲೆಯುಂಟು, ಯಾವುದಕ್ಕಿಲ್ಲ ಎಂಬುದನ್ನು ಅದು ಸುತ್ತಲಿನ ಏರ್ಪಾಟಿನಿಂದ ಓದಿಕೊಳ್ಳುತ್ತದೆ. ಸಮತೆಯನ್ನು ಕಲಿಸಬಯಸುವವರು ಮೊದಲು ತಿದ್ದಬೇಕಾದದ್ದು ಈ ಏರ್ಪಾಟನ್ನು.

ಭೇದಗ್ರಹಣವು ಎಷ್ಟು ಮುಂಚೆ ಮೊದಲಾಗುವುದೆಂಬುದನ್ನು ಅರಿಯಲು ವಿಜ್ಞಾನಿಗಳು ಶಿಶುವಿನ ನೋಟವನ್ನೇ ಅಳತೆಗೋಲಾಗಿ ಮಾಡಿಕೊಂಡಿರುವರು. ಎರಡು ಮುಖಗಳ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು, ಮಗುವು ಯಾವುದನ್ನು ಹೆಚ್ಚು ಹೊತ್ತು ದಿಟ್ಟಿಸುವುದೆಂದು ಎಣಿಸುವುದು ಈ ವಿಧಾನ. ಬ್ರಿಟನ್ನಿನ ಡೇವಿಡ್ ಕೆಲ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗತಾನೆ ಹುಟ್ಟಿದ ಶಿಶುಗಳು ಸ್ವಜನಾಂಗದ ಮುಖಕ್ಕೂ ಪರಜನಾಂಗದ ಮುಖಕ್ಕೂ ಯಾವ ತಾರತಮ್ಯವನ್ನೂ ತೋರಲಿಲ್ಲ. ಮೂರು ತಿಂಗಳು ತುಂಬಿದವು ಮಾತ್ರ ತಮ್ಮ ಜನಾಂಗದ ಮುಖವನ್ನೇ ಹೆಚ್ಚು ಹೊತ್ತು ನೋಡಿದವು. ಮರುವರ್ಷ ಇಸ್ರೇಲಿನ ಯೈರ್ ಬಾರ್-ಹೈಮ್ ಮತ್ತು ಸಂಗಡಿಗರು ಮೂರು ತಿಂಗಳ ಶಿಶುಗಳ ಮೂರು ವರ್ಗಗಳನ್ನು ಪರೀಕ್ಷಿಸಿದರು: ಇಸ್ರೇಲಿನಲ್ಲಿ ಬೆಳೆಯುತ್ತಿದ್ದ ಬಿಳಿಯ ಶಿಶುಗಳು, ಇಥಿಯೋಪಿಯದಲ್ಲಿ ಬೆಳೆಯುತ್ತಿದ್ದ ಕರಿಯ ಶಿಶುಗಳು, ಇಥಿಯೋಪಿಯದಿಂದ ಇಸ್ರೇಲಿಗೆ ವಲಸೆ ಬಂದು ಎರಡು ಬಗೆಯ ಮುಖಗಳನ್ನೂ ನಿತ್ಯವೂ ಕಾಣುತ್ತಿದ್ದ ಕುಟುಂಬಗಳ ಶಿಶುಗಳು. ಮೊದಲಿನ ಎರಡು ವರ್ಗದವು ತಮ್ಮವರ ಮುಖದ ಕಡೆಗೇ ಒಲಿದವು; ಮೂರನೆಯ ವರ್ಗದವು ಎರಡನ್ನೂ ಸಮನಾಗಿ ನೋಡಿದವು. ಇಲ್ಲಿ ಒಲವೆಂದರೆ ಪರಿಚಯದ ಸಲಿಗೆಯೇ ಹೊರತು ದ್ವೇಷವಲ್ಲವೆಂಬುದನ್ನು ಮರೆಯಲಾಗದು. ಆದರೂ ತೊಟ್ಟಿಲಿನ ಸುತ್ತ ಯಾರ ಯಾರ ಮುಖಗಳು ಸುಳಿದಾಡುವುವೆಂಬುದು ಮೊದಲ ನೂರು ದಿನಗಳೊಳಗಾಗಿಯೇ ಮಗುವಿನ ಕಣ್ಣನ್ನು ತಿದ್ದಿಬಿಡುವುದೆಂದರೆ, ನೆರೆಹೊರೆಯೂ ಒಂದು ಪಾಠಶಾಲೆಯೆಂದೇ ಹೇಳಬೇಕಾಗುವುದು.

ಹೀಗೆ ಮೊದಲಾದ ಗ್ರಹಣಶಕ್ತಿಯು ಮೂರರಿಂದ ಐದು ವರ್ಷದ ಹೊತ್ತಿಗೆ ಪಂಗಡಗಳನ್ನು ಕಟ್ಟುವ ಶಕ್ತಿಯಾಗಿ ಬೆಳೆಯುತ್ತದೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಮೀಗನ್ ಪ್ಯಾಟರ್‌ಸನ್ ಮತ್ತು ರೆಬೆಕ ಬಿಗ್ಲರ್ 2006ರಲ್ಲಿ ಪ್ರಕಟಿಸಿದ ಪ್ರಯೋಗವು ಈ ವಿಷಯದಲ್ಲಿ ಮನನೀಯವಾದುದು. ಈ ವಯಸ್ಸಿನ ಮಕ್ಕಳಲ್ಲಿ ಕೆಲವರಿಗೆ ಕೆಂಪು ಅಂಗಿ, ಕೆಲವರಿಗೆ ನೀಲಿ ಅಂಗಿ. ಮೂರು ವಾರಗಳ ಕಾಲ ಅದೇ ಅವರ ಉಡುಪು. ಕೆಲವು ತರಗತಿಗಳಲ್ಲಿ ಶಿಕ್ಷಕರು ಈ ಬಣ್ಣಗಳನ್ನು ಹೆಸರಿಸಿ ಮಕ್ಕಳನ್ನು ಕರೆದರು, ಬಣ್ಣದ ಪ್ರಕಾರವೇ ತರಗತಿಯ ವ್ಯವಸ್ಥೆಯನ್ನು ನಡೆಸಿದರು. ಆದರೆ ಒಂದು ಬಣ್ಣ ಮೇಲು, ಇನ್ನೊಂದು ಕೀಳು ಎಂಬ ಮಾತು ಯಾರ ಬಾಯಿಂದಲೂ ಹೊರಡಲಿಲ್ಲ. ಉಳಿದ ತರಗತಿಗಳಲ್ಲಿ ಅಂಗಿಗಳಿದ್ದವು, ಅವುಗಳ ಪ್ರಸ್ತಾಪವಿರಲಿಲ್ಲ. ಅವಧಿಯ ಕೊನೆಗೆ ವಿಚಾರಿಸಿದಾಗ ಸ್ವಪಕ್ಷದ ಪಕ್ಷಪಾತವು ಎರಡು ಕಡೆಗಳಲ್ಲಿಯೂ ತಲೆಯೆತ್ತಿತ್ತು. ಆದರೆ ಶಿಕ್ಷಕರು ಬಣ್ಣವನ್ನು ಬಳಸಿದ ತರಗತಿಗಳಲ್ಲಿ ಅದು ಇನ್ನೂ ಬಲವಾಗಿದ್ದಿತು. ನಿಂದೆಯ ಒಂದು ಶಬ್ದವೂ ಇಲ್ಲದೆ, ಬರಿಯ ಸಾಲು ನಿಲ್ಲಿಸುವ ಕ್ರಮದಿಂದಲೇ “ನಾವು” ಮತ್ತು “ಅವರು” ಎಂಬುದು ಹುಟ್ಟಿಕೊಂಡದ್ದನ್ನು ಇಲ್ಲಿ ಕಾಣಬಹುದಾಗಿದೆ. ಶಿಕ್ಷಕರು ಯಾವ ಗುರುತನ್ನು ಬಳಸುತ್ತಿರುವರೋ ಅದು ಮುಖ್ಯವಾದದ್ದೇ ಇರಬೇಕು ಎಂಬುದು ಮಗುವಿನ ತರ್ಕ. “ಹುಡುಗರೆಲ್ಲ ಈ ಕಡೆ, ಹುಡುಗಿಯರೆಲ್ಲ ಆ ಕಡೆ” ಎಂದು ದಿನಕ್ಕೆ ಹತ್ತು ಸಲ ಕೂಗುವ ನಮ್ಮ ತರಗತಿಗಳಲ್ಲಿ ಈ ತರ್ಕವು ಏನನ್ನು ಕಲಿಯುತ್ತಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಅಂಗಿಯ ಬಣ್ಣವು ಮೂರು ವಾರಗಳಲ್ಲಿ ಕಳಚಿಹೋಗುವಂಥದು. ಸಮಾಜವೇ ಎಳೆದ ಗೆರೆಯು ಮಗುವಿನ ಮೈಮೇಲೆಯೇ ಬಿದ್ದಿರುವಾಗ ಆಗುವ ಗಾಯ ಎಂಥದೆಂಬುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳು ತೋರಿಸಿಕೊಟ್ಟರು. ಅವರು 1947ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರರಿಂದ ಏಳು ವರ್ಷದ 253 ಕರಿಯ ಮಕ್ಕಳ ಮುಂದೆ, ಚರ್ಮ ಮತ್ತು ಕೂದಲಿನ ಬಣ್ಣವೊಂದರಲ್ಲಲ್ಲದೆ ಮಿಕ್ಕೆಲ್ಲದರಲ್ಲಿಯೂ ಸಮಾನವಾದ ಬೊಂಬೆಗಳನ್ನಿಟ್ಟು, ಆಟಕ್ಕೆ ಯಾವುದು ಬೇಕು, ಚೆನ್ನಾದದ್ದು ಯಾವುದು, ಕೆಟ್ಟದಾಗಿ ಕಾಣುವುದು ಯಾವುದು, ನಿನ್ನಂತಿರುವುದು ಯಾವುದು ಎಂದು ಪ್ರಶ್ನಿಸಲಾಯಿತು. ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಆಟಕ್ಕೆ ಬಿಳಿಯ ಬೊಂಬೆಯನ್ನೇ ಆರಿಸಿಕೊಂಡರು. ತನ್ನನ್ನು ಹೋಲುವ ಬೊಂಬೆಯನ್ನೇ ಕೆಟ್ಟದ್ದೆಂದು ಬೆರಳುಮಾಡಿ ತೋರಿಸಬೇಕಾಗಿ ಬಂದ ಮಗುವಿನ ಸಂಕಟವು ಅಂಕಿಗಳಲ್ಲಿ ಅಡಗುವಂಥದಲ್ಲ. ಕರಿಯರಿಗೆ ಬೇರೆ ಶಾಲೆ, ಬಿಳಿಯರಿಗೆ ಬೇರೆ ಶಾಲೆ ಎಂಬ ಪದ್ಧತಿಯು ಸಂವಿಧಾನಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1954ರ ಮೇ 17ರಂದು ತೀರ್ಪಿತ್ತಾಗ, ಆ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕೆನೆತ್ ಕ್ಲಾರ್ಕರ ಬರಹವೂ ಉಲ್ಲೇಖಿತವಾಯಿತು. ನಮ್ಮ ಅಂಗಳದಲ್ಲಿ ತುತ್ತನ್ನು ಕೈಯಲ್ಲಿ ಹಿಡಿದು ಕುಳಿತ ಆ ಮಗುವನ್ನು ನೆನೆದಾಗಲೆಲ್ಲ ನನಗೆ ಈ ಬೊಂಬೆಗಳು ನೆನಪಾಗುತ್ತವೆ.

ಏರ್ಪಾಟೆಂಬುದು ಸಾಲು, ಆಸನಗಳಿಗೆ ಮಾತ್ರ ಸೀಮಿತವಾದುದಲ್ಲ. ನಾವಾಡುವ ವಾಕ್ಯದ ರಚನೆಯಲ್ಲಿಯೂ ಅದು ಇರುವುದುಂಟು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಾರ್ಜರಿ ರೋಡ್ಸ್ ಮತ್ತು ಸಂಗಡಿಗರು “ಜಾರ್ಪಿ” ಎಂಬ, ಲೋಕದಲ್ಲೆಲ್ಲಿಯೂ ಇಲ್ಲದ ಒಂದು ಜನವನ್ನು ಕಲ್ಪಿಸಿ, ಅವರನ್ನು ಕುರಿತು ಒಂದು ಚಿತ್ರಪುಸ್ತಕವನ್ನು ಸಿದ್ಧಪಡಿಸಿದರು. ಚಿತ್ರದಲ್ಲಿದ್ದವರು ಎಲ್ಲ ಬಣ್ಣದವರು, ಎಲ್ಲ ವಯಸ್ಸಿನವರು, ಗಂಡಸರು, ಹೆಂಗಸರು. ಕೆಲವು ನಾಲ್ಕು ವರ್ಷದ ಮಕ್ಕಳಿಗೆ “ಈ ಜಾರ್ಪಿ ಹೀಗೆ ಮಾಡುತ್ತಾನೆ” ಎಂದೂ, ಇನ್ನು ಕೆಲವರಿಗೆ “ಜಾರ್ಪಿಗಳು ಹೀಗೆ ಮಾಡುತ್ತಾರೆ” ಎಂದೂ ಓದಿಹೇಳಲಾಯಿತು. ವ್ಯತ್ಯಾಸವೆಲ್ಲ ಏಕವಚನ ಬಹುವಚನಗಳದು. ಆದರೆ 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡನೆಯ ಬಗೆಯ ವಾಕ್ಯಗಳನ್ನು ಕೇಳಿದ ಮಕ್ಕಳು ಆ ಗುಣಗಳು ಜಾರ್ಪಿಗಳಿಗೆ ಹುಟ್ಟಿನಿಂದಲೇ, ರಕ್ತಗತವಾಗಿ ಬಂದವೆಂದು ನಂಬುವುದಕ್ಕೆ ತೊಡಗಿದ್ದರು. “ಹೆಣ್ಣುಮಕ್ಕಳು ಗಲಾಟೆ ಮಾಡುವುದಿಲ್ಲ”, “ಆ ಕೇರಿಯವರು ಹಾಗೆಯೇ” ಎಂಬಂಥ ಮಾತುಗಳನ್ನು ನಾವು ಮಕ್ಕಳೆದುರಿಗೆ ಎಷ್ಟು ಸಲೀಸಾಗಿ ಆಡುವೆವು! ಮೆಚ್ಚುಗೆಯ ಮಾತೇ ಆದರೂ ಅದರ ಬಹುವಚನವು ಮಗುವಿನ ಮನಸ್ಸಿನಲ್ಲಿ ಒಂದು ಗೋಡೆಯ ಕಲ್ಲನ್ನಿಡುತ್ತದೆ. “ಲಕ್ಷ್ಮಿ ಈಹೊತ್ತು ಸಮಾಧಾನವಾಗಿ ಕುಳಿತಿದ್ದಳು” ಎಂದರೆ ಅದು ಲಕ್ಷ್ಮಿಯೊಬ್ಬಳ ಮಾತು, ಈ ಹೊತ್ತಿನ ಮಾತು. ಹೀಗೆ ಒಬ್ಬೊಬ್ಬರ ಹೆಸರು ಹಿಡಿದು ಮಾತಾಡುವ ಅಭ್ಯಾಸಕ್ಕೆ ಕಾಸಿನ ಖರ್ಚಿಲ್ಲ, ಎಚ್ಚರವೊಂದು ಬೇಕು.

ಹಾಗಾದರೆ ಭೇದಗಳನ್ನೇ ಮರೆಮಾಡಿ, ಎಲ್ಲರೂ ಒಂದೇ ಎಂದು ಹೇಳಿಕೊಟ್ಟರೆ ಸಾಲದೆ ಎಂಬ ಶಂಕೆಯು ಏಳಬಹುದು. ಕಣ್ಣಿಗೆ ಕಾಣುವುದನ್ನು ಇಲ್ಲವೆಂದರೆ ಮಗುವು ಹೇಳಿದವರನ್ನು ನಂಬುವುದಿಲ್ಲ, ಇಲ್ಲವೆ ಅದು ಆಡಬಾರದ ಮಾತೆಂದು ತಿಳಿದು ಒಳಗೊಳಗೇ ತಾನಾಗಿ ಅರ್ಥ ಕಟ್ಟಿಕೊಳ್ಳುವುದು. ಅಮೆರಿಕದ ಶಿಕ್ಷಣತಜ್ಞೆ ಲೂಯಿಸ್ ಡರ್ಮನ್-ಸ್ಪಾರ್ಕ್ಸ್ ಮತ್ತು ಅವರ ಸಹೋದ್ಯೋಗಿಗಳು 1989ರಲ್ಲಿ ಹೊರತಂದ, ಎಳೆಯ ಮಕ್ಕಳಿಗಾಗಿ ರಚಿತವಾದ ಪೂರ್ವಗ್ರಹವಿರೋಧಿ ಪಠ್ಯಕ್ರಮವು ಈ ಕಾರಣದಿಂದಲೇ ಭೇದಗಳನ್ನು ಸಂಕೋಚವಿಲ್ಲದೆ ಹೆಸರಿಟ್ಟು ಕರೆಯುವುದನ್ನು ಬೋಧಿಸಿತು. ಮಕ್ಕಳು ಬಣ್ಣಗಳನ್ನು ಬೆರೆಸಿ ತಮ್ಮ ತಮ್ಮ ಕೈಯ ಬಣ್ಣಕ್ಕೆ ಹೊಂದಿಸುವ ಚಟುವಟಿಕೆಯು ಇಂಥ ಶಿಕ್ಷಣದಲ್ಲಿ ಪ್ರಸಿದ್ಧವಾದುದು. ನಮ್ಮಲ್ಲಿ ಅದಕ್ಕೆ ಬಣ್ಣದ ಡಬ್ಬಿಗಳೂ ಬೇಕಾಗಿಲ್ಲ. ಹೊಲದ ಕರಿಮಣ್ಣು, ದಿಣ್ಣೆಯ ಕೆಮ್ಮಣ್ಣು, ಕೆರೆಯ ಗೋಡು, ಒಂದಿಷ್ಟು ಸುಣ್ಣ ಇವುಗಳನ್ನು ನೀರಿನಲ್ಲಿ ಕಲಸಿ, ಮುಂಗೈಯ ಪಕ್ಕಕ್ಕೆ ಹಿಡಿದು ನೋಡುತ್ತ ಹೋದ ಮಗುವಿಗೆ, ಎಲ್ಲರ ಕೈಗೂ ಮಣ್ಣುಗಳು ಅವೇ, ಬೆರಕೆಯ ಪ್ರಮಾಣ ಮಾತ್ರ ಬೇರೆ ಎಂಬ ತತ್ತ್ವವು ಬೆರಳತುದಿಯಿಂದಲೇ ತಿಳಿಯುವುದು.

ಈಗ ಮೊರದ ಬೀಜಗಳಿಗೆ ಹಿಂದಿರುಗೋಣ. ಎಳೆಯ ಮಕ್ಕಳು ಒಂದು ಲಕ್ಷಣವನ್ನು ಹಿಡಿದರೆ ಇನ್ನೊಂದನ್ನು ಬಿಟ್ಟುಬಿಡುವರೆಂಬುದನ್ನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಬಹು ಹಿಂದೆಯೇ ಗುರುತಿಸಿದ್ದನು. ಮರದ ಮಣಿಗಳ ರಾಶಿಯಲ್ಲಿ ಕಂದುಬಣ್ಣದವು ಹೆಚ್ಚಾಗಿಯೂ ಬಿಳಿಯವು ಕೆಲವೇ ಆಗಿಯೂ ಇರುವಾಗ, “ಕಂದು ಮಣಿಗಳು ಹೆಚ್ಚೋ, ಮರದ ಮಣಿಗಳು ಹೆಚ್ಚೋ?” ಎಂದು ಕೇಳಿದರೆ ಈ ವಯಸ್ಸಿನವರು ಕಂದು ಮಣಿಗಳೇ ಹೆಚ್ಚೆನ್ನುವರು. ಕಂದುಮಣಿಯೆಂದು ನೋಡಿದ ಮೇಲೆ ಅದು ಮರದ ಮಣಿಯೂ ಹೌದೆಂಬುದು ಮನಸ್ಸಿನಿಂದ ಜಾರಿಹೋಗುತ್ತದೆ. ಮನುಷ್ಯರ ವಿಷಯದಲ್ಲಿ ಈ ಜಾರಿಕೆಯೇ ಪೂರ್ವಗ್ರಹದ ಹಾದಿ: ಆ ಕೇರಿಯವನೆಂದು ಒಮ್ಮೆ ನೋಡಿದ ಮೇಲೆ, ಅವನು ಓಟದಲ್ಲಿ ನನ್ನಷ್ಟೇ ಚುರುಕು, ನನ್ನಂತೆಯೇ ಮಳೆಯಲ್ಲಿ ನೆನೆಯಲಿಷ್ಟವುಳ್ಳವನು, ನನ್ನಂತೆಯೇ ತಂಗಿಯನ್ನೆತ್ತಿಕೊಳ್ಳುವವನು ಎಂಬುದು ಕಾಣದೆ ಹೋಗುತ್ತದೆ. ಬಿಗ್ಲರ್ ಮತ್ತು ಲಿನ್ ಲೀಬೆನ್ 1992ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವು ಈ ಎರಡನ್ನೂ ಜೋಡಿಸಿತು. ಐದರಿಂದ ಹತ್ತು ವರ್ಷದ ಮಕ್ಕಳಿಗೆ ಒಂದೇ ವಸ್ತುವನ್ನು ಹಲವು ಲಕ್ಷಣಗಳಿಂದ ವಿಂಗಡಿಸುವ ಅಭ್ಯಾಸವನ್ನು ಮಾಡಿಸಿದಾಗ, ಇಂಥ ಕೆಲಸ ಗಂಡಿನದು, ಇಂಥದು ಹೆಣ್ಣಿನದು ಎಂಬ ಅವರ ರೂಢಿಗತ ಭಾವನೆಯು ಸಡಿಲವಾಯಿತು. ರೂಢಿಗೆ ವಿರುದ್ಧವಾದ ಸಂಗತಿಗಳನ್ನು ಅವರು ಹೆಚ್ಚಾಗಿ ನೆನಪಿನಲ್ಲಿಟ್ಟುಕೊಂಡರು. ಆ ಟೀಚರಮ್ಮನು ಬೀಜಗಳನ್ನು ಬೆರೆಸಿ “ಬೇರೆ ಥರ ಮಾಡು” ಎಂದದ್ದು ಗಣಿತದ ಪಾಠವೆಂದೇ ನಾನು ತಿಳಿದಿದ್ದೆನು. ಒಂದೇ ಬೀಜವನ್ನು ಎರಡು ಕಣ್ಣುಗಳಿಂದ ನೋಡಬಲ್ಲ ಮಗುವಿಗೆ ಒಬ್ಬ ಮನುಷ್ಯನನ್ನು ಹತ್ತು ಬಗೆಯಲ್ಲಿ ನೋಡುವ ದಾರಿಯು ಅಲ್ಲಿಯೇ ತೆರೆಯುವುದೆಂಬುದು ನನಗೆ ಹೊಳೆದದ್ದು ಅನಂತರ.

ದಯೆಯ ವಿಷಯದಲ್ಲಿ ವಿಜ್ಞಾನವು ಹೇಳುವುದು ಇನ್ನೂ ಆಶಾದಾಯಕವಾಗಿದೆ. ಏಕೆಂದರೆ ಅದನ್ನು ನಾವು ಹೊರಗಿನಿಂದ ತಂದು ತುಂಬಬೇಕಾಗಿಲ್ಲ. ಜರ್ಮನಿಯ ಲೈಪ್ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲೊ ಹದಿನೆಂಟು ತಿಂಗಳ 24 ಮಕ್ಕಳೆದುರಿಗೆ ಪುಟ್ಟ ಪುಟ್ಟ ಸಂಕಟಗಳನ್ನು ಅಭಿನಯಿಸಿ ತೋರಿಸಿದರು: ಬಟ್ಟೆ ಒಣಹಾಕುವಾಗ ಕ್ಲಿಪ್ಪು ಕೆಳಗೆ ಬೀಳುವುದು, ಎರಡು ಕೈಯಲ್ಲಿಯೂ ಪುಸ್ತಕಗಳಿರುವಾಗ ಬೀರುವಿನ ಬಾಗಿಲು ಮುಚ್ಚಿರುವುದು. ಕೇಳದೆಯೇ, ಬಹುಮಾನವಿಲ್ಲದೆಯೇ, ಬಹುತೇಕ ಮಕ್ಕಳು ಒಮ್ಮೆಯಾದರೂ ನೆರವಿಗೆ ಬಂದರು. ಅವರೇ 2008ರಲ್ಲಿ ಪ್ರಕಟಿಸಿದ ಮುಂದಿನ ಪ್ರಯೋಗವು ಅಂಗನವಾಡಿಯ ಗೋಡೆಯ ಮೇಲೆ ಬರೆದಿಡತಕ್ಕದ್ದು: ಇಪ್ಪತ್ತು ತಿಂಗಳ ಮಕ್ಕಳಲ್ಲಿ, ನೆರವಾದುದಕ್ಕೆ ಪ್ರತಿಸಲವೂ ಆಟಿಕೆಯ ಬಹುಮಾನವನ್ನು ಪಡೆದವರು, ಬಹುಮಾನವು ನಿಂತ ಮೇಲೆ, ಮೊದಲಿನಿಂದಲೂ ಏನನ್ನೂ ಪಡೆಯದವರಿಗಿಂತ ಕಡಮೆ ನೆರವಾದರು. ಒಳ್ಳೆಯತನಕ್ಕೆ ಬೆಲೆಚೀಟಿಯನ್ನಂಟಿಸಿದರೆ ಅದು ಸರಕಾಗುವುದು.

ಹಂಚಿಕೊಳ್ಳುವ ಗುಣವು ಹೆಚ್ಚು ನಿಧಾನವಾಗಿ ಬರುತ್ತದೆ. ಆದರೆ ಅದನ್ನು ಮುಂಚಿತವಾಗಿ ಕರೆತರುವ ಒಂದು ಉಪಾಯವನ್ನು ಲೈಪ್ಜಿಗ್‌ನವರೇ ಕಂಡುಹಿಡಿದರು. ಕ್ಯಾಥರಿನಾ ಹಾಮನ್ ಮತ್ತು ಸಂಗಡಿಗರ 2011ರ ಪ್ರಯೋಗದಲ್ಲಿ ಮೂರು ವರ್ಷದ ಮಕ್ಕಳು ಇಬ್ಬಿಬ್ಬರಾಗಿ ಹಗ್ಗದ ಎರಡು ತುದಿಗಳನ್ನೆಳೆದು ಹಲಗೆಯೊಂದನ್ನು ಹತ್ತಿರಕ್ಕೆ ತಂದಾಗ, ಯೋಗಾಯೋಗವೆಂಬಂತೆ ಒಬ್ಬನ ಪಾಲಿಗೆ ಮೂರು ಬಹುಮಾನ, ಇನ್ನೊಬ್ಬನಿಗೆ ಒಂದು ಬರುವಂತೆ ಏರ್ಪಡಿಸಲಾಗಿತ್ತು. ಕೂಡಿ ಎಳೆದು ಪಡೆದಾಗ, ಮೂರು ದೊರೆತವನು ಬಹುಮಟ್ಟಿಗೆ ಒಂದನ್ನು ತಾನಾಗಿ ಕೊಟ್ಟು ಸಮಮಾಡಿದನು. ಕೆಲಸವಿಲ್ಲದೆ ಪುಕ್ಕಟೆಯಾಗಿ ಬಂದಾಗ ಹಾಗೆ ಕೊಟ್ಟವರು ವಿರಳ. ಹಂಚಿಕೊಳ್ಳಿರೆಂದು ಹೇಳುವ ಬದಲು ಇಬ್ಬರಿಗೂ ಕೂಡಿ ಮಾಡುವ ಕೆಲಸವನ್ನು ಕೊಡುವುದು ಮೇಲು. ಹಳೆಯ ಸೀರೆಯೊಂದರ ನಾಲ್ಕು ಮೂಲೆಗಳನ್ನು ನಾಲ್ವರು ಹಿಡಿದು ಚೆಂಡು ಬೀಳದಂತೆ ಹಾರಿಸುವ ಆಟವಾದ ಮೇಲೆ, ಅದೇ ಸೀರೆಯ ನಡುವೆ ಹುರಿದ ಕಡಲೆಕಾಯಿಯನ್ನು ಸುರಿದರೆ ಪಾಲು ತಾನಾಗಿ ನ್ಯಾಯದ ಕಡೆಗೆ ವಾಲುವುದನ್ನು ಯಾವ ಅಂಗಳದಲ್ಲಿಯಾದರೂ ಮಾಡಿ ನೋಡಬಹುದು.

ನಮ್ಮ ದೇಶದ ಒಂದು ಸಾಕ್ಷ್ಯವನ್ನೂ ಇಲ್ಲಿ ಹೇಳಲೇಬೇಕು. ದೆಹಲಿಯ ಶ್ರೀಮಂತ ಖಾಸಗಿ ಶಾಲೆಗಳು ಬಡಮಕ್ಕಳಿಗೆ ಕೆಲವು ಸ್ಥಾನಗಳನ್ನು ಮೀಸಲಿಡಬೇಕೆಂಬ ನಿಯಮವು 2007ರಿಂದ ಜಾರಿಗೆ ಬಂದ ಮೇಲೆ, ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅದರ ಪರಿಣಾಮವನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಬಡಸಹಪಾಠಿಗಳೊಂದಿಗೆ ಓದಿದ ಸಿರಿವಂತ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ ಬಡವನೆಂಬ ಕಾರಣಕ್ಕೆ ವೇಗಿಯನ್ನು ಬಿಟ್ಟುಬಿಡುವುದು ಅವರಲ್ಲಿ ಕಡಮೆಯಾಗಿತ್ತು. ಕೆಲವು ಶಾಲೆಗಳಲ್ಲಿ ಅಧ್ಯಯನದ ಗುಂಪುಗಳನ್ನು ಹೆಸರಿನ ಅಕಾರಾದಿಯಿಂದ ಮಾಡುತ್ತಿದ್ದರು. ಕೇವಲ ಹೆಸರಿನ ಮೊದಲ ಅಕ್ಷರದ ದೆಸೆಯಿಂದ ಬಡಮಗುವಿನ ಗುಂಪಿಗೆ ಬಿದ್ದವರಲ್ಲಿಯೂ ಈ ಬದಲಾವಣೆ ಕಂಡುಬಂದುದರಿಂದ, ಒಂದೇ ಛಾವಣಿಯ ಕೆಳಗಿರುವುದಕ್ಕಿಂತಲೂ ಪಕ್ಕದಲ್ಲಿ ಕೂರುವುದೇ ಕೆಲಸಮಾಡಿತೆಂದು ತಿಳಿಯಿತು.

ಅಂಗನವಾಡಿಯೆಂಬ ಕಲ್ಪನೆಯೂ ಇಂಥದೊಂದು ಪಕ್ಕದ ಪ್ರಶ್ನೆಯಿಂದಲೇ ಹುಟ್ಟಿತು. ಭಾವನಗರದಲ್ಲಿ ಶಿಕ್ಷಣತಜ್ಞ ಗಿಜುಭಾಯಿ ಬಧೇಕರ ಜೊತೆಗೆ ದುಡಿದಿದ್ದ ತಾರಾಬಾಯಿ ಮೋಡಕರು, ಅನುತಾಯಿ ವಾಘರೊಡಗೂಡಿ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ ಗ್ರಾಮೀಣ ಶಿಶುಶಿಕ್ಷಣವನ್ನು ಕೈಗೊಂಡಾಗ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಮಕ್ಕಳು ಬಾರದಿದ್ದರೆ ಬಾಲವಾಡಿಯೇ ಅವರ ಅಂಗಳಕ್ಕೆ ಹೋಗಲಿ ಎಂದು ಈ ಮಹಿಳೆಯರು ಹೊರಟರು. ಅಂಗಳದ ಆ ಹೆಸರೇ ಮುಂದೆ ದೇಶದ ಶಿಶುಕೇಂದ್ರಗಳ ಹೆಸರಾಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 33 ಕಡೆಗಳಲ್ಲಿ ಆರಂಭವಾದಾಗ, ಕರ್ನಾಟಕದಲ್ಲಿ ಅದು ಮೊದಲಾದದ್ದು ತಿರುಮಕೂಡಲು ನರಸೀಪುರದಲ್ಲಿ. ದಲಿತ ಹೆಂಗಸು ಬೇಯಿಸಿದ ಅನ್ನವನ್ನು ಮಕ್ಕಳು ಉಣ್ಣದಂತೆ ಹೆತ್ತವರು ತಡೆದ ಸುದ್ದಿಗಳನ್ನು ಇಂದಿಗೂ ಪತ್ರಿಕೆಗಳಲ್ಲಿ ಓದುವ ನಾವು, ಆ ಹೆಸರಿನ ಋಣವನ್ನು ಇನ್ನೂ ತೀರಿಸಿಲ್ಲವೆಂದೇ ಒಪ್ಪಿಕೊಳ್ಳಬೇಕು.

ಆ ಹುಡುಗನ ಕಥೆಯನ್ನು ಹೇಳಿ ಈ ಅಧ್ಯಾಯವನ್ನು ಮುಗಿಸುವೆನು. ಟೀಚರಮ್ಮ ಅವನನ್ನು ಗದರಿಸಲಿಲ್ಲ, ಅವನ ಅಜ್ಜಿಯನ್ನು ಹಳಿಯಲಿಲ್ಲ. ಎದ್ದು ಬಂದು, ಅವನು ಬಿಟ್ಟುಹೋದ ಜಾಗದಲ್ಲಿ ತಾನೇ ತಟ್ಟೆಯಿಟ್ಟುಕೊಂಡು ಕುಳಿತು ಉಂಡಳು. ಮರುದಿನ ಬುಟ್ಟಿಯೊಂದರಲ್ಲಿ ಮಾವು, ಹಲಸು, ಹೊಂಗೆ, ಸೀಬೆಯ ಎಲೆಗಳನ್ನು ತುಂಬಿತಂದು, ಕಣ್ಣುಮುಚ್ಚಿ ಒಂದೊಂದನ್ನು ಎತ್ತಿಕೊಳ್ಳುವಂತೆ ಮಕ್ಕಳಿಗೆ ಹೇಳಿದಳು. ಒಂದೇ ಬಗೆಯ ಎಲೆಯವರು ಅಕ್ಕಪಕ್ಕದಲ್ಲಿ ಕೂರಬೇಕು, ಕೂತವರು ಕೂಡಿ ತಟ್ಟೆಗಳನ್ನು ಹಂಚಬೇಕು. ಕೆಲವು ತಿಂಗಳ ಮೇಲೆ ನಾನು ಮತ್ತೊಮ್ಮೆ ಹೋದಾಗ, ಆ ಹುಡುಗನು ತನ್ನ ಕೈಯ ಸೀಬೆಯೆಲೆಯನ್ನು ಅಂದಿನ ಅದೇ ಮಗುವಿನ ಎಲೆಯ ಮೇಲಿಟ್ಟು, ಯಾರದು ದೊಡ್ಡದೆಂದು ಅಳೆಯುತ್ತಿದ್ದನು. ಮನೆಯಲ್ಲಿ ಅಜ್ಜಿಯ ಮಾತು ಇನ್ನೂ ನಡೆಯುತ್ತಿದ್ದಿರಬೇಕು. ಈ ಅಂಗಳದಲ್ಲಿ ಮಾತ್ರ ಅದಕ್ಕೆ ಕೂರಲು ಜಾಗವಿರಲಿಲ್ಲ. ಒಮ್ಮೆ ಗುಂಪುಮಾಡಿ ಬಿಟ್ಟರಾಗದೆ, ದಿನವೂ ಎಲೆ ತರುವ ಶ್ರಮವೇಕೆ ಎಂದು ನಾನು ಕೇಳಿದೆನು. “ಹಾಗೇ ಬಿಟ್ಟರೆ ಮಾವಿನೆಲೆಯವರೇ ಒಂದು ಜಾತಿಯಾಗಿಬಿಡ್ತಾರೆ ಸಾರ್” ಎಂದಳು ಆಕೆ. ಟೆಕ್ಸಾಸಿನ ಕೆಂಪು ನೀಲಿ ಅಂಗಿಗಳು ಮೂರು ವಾರಗಳಲ್ಲಿ ತೋರಿಸಿಕೊಟ್ಟದ್ದನ್ನು ಆಕೆ ತನ್ನ ಅಂಗಳದಲ್ಲಿ ತಾನಾಗಿ ಕಂಡುಕೊಂಡಿದ್ದಳು. ಊಟವಾದ ಮೇಲೆ ಬಾಡಿದ ಎಲೆಗಳನ್ನೆಲ್ಲ ಗುಡಿಸಿ ತಿಪ್ಪೆಗೆ ಹಾಕಿ, ಬರಿದಾದ ಬುಟ್ಟಿಯನ್ನು ಆಕೆ ನಾಳೆಗಾಗಿ ಮೊಳೆಗೆ ತೂಗುಹಾಕಿದಳು.